ಕೂದಲಿನವನಿಗೆ ನಾನೇ ಸಾಕ್ಷಿ

ಚಪ್ಪಲಿ ಬಿಚ್ಚುವುದು ಅಂಥ ದೊಡ್ಡ ಸದ್ದೇನಲ್ಲ. ಆದರೆ ಓಡಿ ಬಂದ ಗಂಡಸರ ಗುಂಪೊಂದು ಏದುಸಿರು ಬಿಡುತ್ತ, ಕೈಯ ಬಡಿಗೆ ಬಿಡದೆ, ಒಬ್ಬರ ಬೆನ್ನಿಗೊಬ್ಬರು ತಾಗುತ್ತ ಬಗ್ಗಿ ಚಪ್ಪಲಿ ಬಿಚ್ಚುವ ಸದ್ದು ಬೇರೆ. ಅದು ನನ್ನ ಕಿವಿಯಲ್ಲಿ ಕೂತುಬಿಟ್ಟಿದೆ. ಈಗಲೂ ಯಾರದೋ ಮನೆ ಬಾಗಿಲಲ್ಲಿ ನಾಲ್ಕು ಜನ ಒಟ್ಟಿಗೆ ಚಪ್ಪಲಿ ಬಿಟ್ಟರೆ ಒಳಗೆ ಹೋಗಿ ಕೂತ ಮೇಲೂ ಅವರ ಕೈಗಳನ್ನು ನೋಡುತ್ತಿರುತ್ತೇನೆ.

ಇದನ್ನು ಬರೆಯಬೇಡ ಎಂದವರು ಬಹಳ ಜನ. ಹಟ್ಟಿಯ ಹಿರಿಯರು ಹೇಳಿದರು. ನನ್ನ ಸೋದರಮಾವ ಹೇಳಿದ. ನಾನು ಓದುತ್ತಿದ್ದ ವಿದೇಶಿ ವಿಶ್ವವಿದ್ಯಾಲಯದ ಮೇಲ್ವಿಚಾರಕಿ ತುಂಬ ಮೃದುವಾಗಿ ಹೇಳಿದರು. ಅವರವರಿಗೆ ಅವರವರ ಕಾರಣಗಳಿದ್ದವು. ನನಗೆ ನನ್ನದಿದೆ.

ನಾನು ಚಳ್ಳಕೆರೆಯವಳು. ಅವ್ವ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಬೀಜ ಆರಿಸುತ್ತಾಳೆ. ಮನೆಯಲ್ಲಿ ನಾವಿಬ್ಬರೇ. ಊರಿನ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ, ಜಿಲ್ಲಾ ಪತ್ರಿಕೆಯೊಂದರಲ್ಲಿ ಕೆಲವು ಕಾಲ ಸುದ್ದಿ ತಿದ್ದಿ, ಆಮೇಲೆ ಪತ್ರಿಕೋದ್ಯಮ ಮತ್ತು ಮಾಧ್ಯಮದ ಅಂತರರಾಷ್ಟ್ರೀಯ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಿದೆ. ಸ್ಕಾಲರ್‌ಶಿಪ್ ಸಿಕ್ಕಿತು. ಯುರೋಪಿನ ಉತ್ತರದ ಒಂದು ಚಳಿಯ ಊರಿಗೆ ಹೋದೆ. ಮಗಳು ಏನು ಓದಲು ಹೋಗಿದ್ದಾಳೆಂದು ಮಿಲ್ಲಿನ ಹೆಂಗಸರು ಕೇಳಿದಾಗ ಅವ್ವ ಪೇಪರ್ ಓದು ಎಂದಳಂತೆ. ಅದಕ್ಕೆ ಅವರು, ಪೇಪರ್ ಓದೋಕೆ ಅಷ್ಟು ದೂರ ಯಾಕೆ, ಬಸ್‌ಸ್ಟ್ಯಾಂಡಿನ ಕಟಿಂಗ್ ಶಾಪಿನಲ್ಲೇ ಸಿಗುತ್ತದಲ್ಲ ಎಂದು ನಕ್ಕರಂತೆ. ಅವ್ವ ಇದನ್ನು ಫೋನಿನಲ್ಲಿ ಹೇಳಿ ತಾನೂ ನಕ್ಕಳು.

ನಮ್ಮ ತರಗತಿಯಲ್ಲಿ ಹಲವು ದೇಶಗಳವರಿದ್ದರು. ಯುದ್ಧ ವರದಿ ಮಾಡಿ ಬಂದವನೊಬ್ಬನಿದ್ದ. ಅವನು ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಆಗ ನಾವೆಲ್ಲ ಅವನನ್ನು ಸ್ವಲ್ಪ ತಮಾಷೆ ಮಾಡುತ್ತಿದ್ದೆವು. ಮೊದಲ ಸೆಮಿಸ್ಟರಿನಲ್ಲಿ ವಿಡಿಯೊ ಪರೀಕ್ಷಿಸುವುದನ್ನು ಕಲಿಸಿದರು. ನೆರಳು ಯಾವ ಕಡೆ ಬಿದ್ದಿದೆ, ಅಂಗಡಿ ಬೋರ್ಡಿನ ಲಿಪಿ ಯಾವುದು, ಇದೇ ಚಿತ್ರ ಹಿಂದೆ ಎಲ್ಲಿ ಬಂದಿತ್ತು, ಎಲ್ಲಿ ಕತ್ತರಿಸಿದ್ದಾರೆ. ಎರಡನೆಯದರಲ್ಲಿ ಅಪಾಯದ ಜಾಗದಲ್ಲಿ ಕೆಲಸ ಮಾಡುವ ತರಬೇತಿ ಕೊಟ್ಟರು. ಒಂದು ಕಾಡಿಗೆ ಕರೆದೊಯ್ದು, ಬಾಡಿಗೆ ನಟರಿಂದ ನಮ್ಮ ಕಾರು ತಡೆಸಿ, ತಲೆಗೆ ಚೀಲ ಹಾಕಿಸಿ, ನಮ್ಮ ಮೇಲೆ ಅರಚಿಸಿದರು. ಗುಂಪು ಸುತ್ತುವರಿದರೆ ಕಣ್ಣಲ್ಲಿ ಕಣ್ಣಿಡಬೇಡಿ, ಅಂಚಿಗೆ ಸರಿಯಿರಿ, ಹೊರದಾರಿ ನೋಡಿಟ್ಟುಕೊಳ್ಳಿ ಎಂದು ಹೇಳಿಕೊಟ್ಟರು. ಆ ಗುಂಪು ನಿಮ್ಮನ್ನು ಅಕ್ಕಾ ಎಂದು ಕರೆದರೆ ಏನು ಮಾಡಬೇಕೆಂದು ಮಾತ್ರ ಹೇಳಿಕೊಡಲಿಲ್ಲ.

ಮೂರನೇ ಸೆಮಿಸ್ಟರಿಗೆ ಅಂತಿಮ ಯೋಜನೆ. ನಾನು ಅವ್ವನ ತವರು ಹಟ್ಟಿಯನ್ನು ಆರಿಸಿಕೊಂಡೆ. ಅದಿರುವುದು ಮೊಳಕಾಲ್ಮುರು ಕಡೆ, ಟಾರು ರಸ್ತೆಯಿಂದ ಸ್ವಲ್ಪ ಒಳಗೆ. ಅಲ್ಲಿ ದೇವರ ಎತ್ತುಗಳಿವೆ. ದೇವರಿಗೆ ಬಿಟ್ಟ ದನ. ಅವಕ್ಕೆ ಮೂಗುದಾರ ಹಾಕುವುದಿಲ್ಲ, ನೊಗ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮಣ್ಣು ಮಾಡುತ್ತಾರೆ. ಅವನ್ನು ಕಾಯುವವನು ಕಿಲಾರಿ. ಕಿಲಾರಿಯಾದವನ ಬದುಕೆಲ್ಲ ಆ ದನಗಳ ಜೊತೆಗೇ. ಅವ್ವನ ಚಿಕ್ಕಪ್ಪ ನಮ್ಮ ಹಟ್ಟಿಯ ಕಿಲಾರಿ, ನನಗೆ ತಾತ. ಮೊದಲು ಬೇಸಿಗೆಯಲ್ಲಿ ದನಗಳು ಹುಲ್ಲು ಹುಡುಕಿಕೊಂಡು ಕಾವಲಿನಿಂದ ಕಾವಲಿಗೆ, ಉಳ್ಳಾರ್ತಿ ಕಡೆಯವರೆಗೂ ಹೋಗುತ್ತಿದ್ದವಂತೆ. ಈಗ ಅಲ್ಲಲ್ಲಿ ಬೇಲಿ, ಗೋಡೆ. ಆ ನಡಿಗೆಯ ದಾರಿ ತಾತನ ತಲೆಯಲ್ಲಿ ಮಾತ್ರ ಉಳಿದಿತ್ತು. ಅವನ ಮಾತು, ದನಗಳನ್ನು ಕರೆಯುವ ಕೂಗು, ಕೊರಳ ಗಂಟೆಗಳ ಸದ್ದು ಸೇರಿಸಿ ಒಂದು ಧ್ವನಿಚಿತ್ರ ಮಾಡುವುದು ನನ್ನ ಯೋಜನೆ.

ತಾತ ಒಪ್ಪಿದ, ಆದರೆ ತನ್ನ ರೀತಿಯಲ್ಲಿ. ದನ ಕೂಡುವ ಮುಳ್ಳುಬೇಲಿಯ ದೊಡ್ಡಿಗೆ ನಮ್ಮಲ್ಲಿ ರೊಪ್ಪ ಎನ್ನುತ್ತಾರೆ. ದೇವರ ಎತ್ತಿನ ರೊಪ್ಪವೆಂದರೆ ಗುಡಿಯಿದ್ದ ಹಾಗೆ. ಯಾರೇ ಆಗಲಿ, ಕೆರ ಬಿಟ್ಟೇ ಒಳಗೆ ಹೋಗಬೇಕು. ಕೆರ ಅಂದರೆ ಚಪ್ಪಲಿ. ತಾತನ ಲೆಕ್ಕದಲ್ಲಿ ಫೋನು, ರೆಕಾರ್ಡರುಗಳೂ ಕೆರದ ಜಾತಿಗೇ ಸೇರಿದವು.

"ಮೊದ್ಲು ಬಂದು ಕೂತ್ಕಂಡು ಕೇಳು. ದನಕ್ಕೆ ನಿನ್ನ ವಾಸನೆ ಗೊತ್ತಾಗ್ಲಿ. ಆಮೇಲೆ ನಿನ್ನ ಮಿಷನ್ನು," ಎಂದ.

ಹೀಗಾಗಿ ದಿನವೂ ಬೆಳಿಗ್ಗೆ ಚಪ್ಪಲಿಯನ್ನು ರೊಪ್ಪದ ಬಾಯಲ್ಲಿ ಬಿಟ್ಟು, ಚೀಲವನ್ನು ಹೊರಗಿನ ಜಾಲಿಮರಕ್ಕೆ ನೇತುಹಾಕಿ, ಬರಿಗೈಯಲ್ಲಿ ಹೋಗಿ ಕೂರುತ್ತಿದ್ದೆ. ಅಷ್ಟು ಬೆಲೆಯ ರೆಕಾರ್ಡರು ಮರದಲ್ಲಿ ಜೋತಾಡುತ್ತಿತ್ತು.

ಅದೇ ದಿನಗಳಲ್ಲಿ ಫೋನುಗಳಲ್ಲಿ ಒಂದು ಸುದ್ದಿ ಓಡಾಡಿತು. ಮಕ್ಕಳನ್ನು ಕದಿಯುವ ಗುಂಪೊಂದು ಗಡಿ ದಾಟಿ ಬಂದಿದೆ ಎಂದು. ಕನ್ನಡದಲ್ಲೂ ಬಂತು, ತೆಲುಗಿನಲ್ಲೂ ಬಂತು. ಜೊತೆಗೆ ಸಾಲಾಗಿ ಮಲಗಿಸಿದ ಮಕ್ಕಳ ಚಿತ್ರ. ಮಾವ ಅದನ್ನು ನನಗೂ ಕಳಿಸಿದ. ಅವ್ವನ ತಮ್ಮ ಅವನು, ಹಟ್ಟಿಯಲ್ಲೇ ಮನೆ, ಗೂಡ್ಸ್ ಆಟೊ ಓಡಿಸುತ್ತಾನೆ, ಸುತ್ತಲಿನ ಹಳ್ಳಿಗಳ ಗ್ರೂಪುಗಳಲ್ಲೆಲ್ಲ ಇದ್ದಾನೆ. ನಾನು ಚಿತ್ರವನ್ನು ಹುಡುಕಿ ನೋಡಿದೆ. ಅದು ಬೇರೆ ದೇಶದ್ದು, ಬಹಳ ಹಳೆಯದು. ಹೇಳಿದೆ. ಮಾವ ನಕ್ಕು, ಇರಲಿ ಬಿಡವ್ವ, ಹುಷಾರಾಗಿದ್ದರೆ ಏನು ಕಳಕೊಂಡಂಗಾಯ್ತು ಎಂದ. ನನಗೂ ಆ ಕ್ಷಣಕ್ಕೆ ಅದು ಸರಿಯೆನಿಸಿತು.

ಕೂದಲಿನವನು ಎಂದು ನಮ್ಮ ಕಡೆ ಕರೆಯುವುದು ಹೆಂಗಸರ ಉದುರಿದ ಕೂದಲು ತೆಗೆದುಕೊಂಡು ಬದಲಿಗೆ ಸ್ಟೀಲು ಪಾತ್ರೆ ಕೊಡುವವನನ್ನು. ನಮ್ಮ ಹಟ್ಟಿಗೆ ಬರುತ್ತಿದ್ದವನು ರಾಯದುರ್ಗದ ಕಡೆಯವನು. ನಡುವಯಸ್ಸು, ಹಳೆಯ ಮೊಪೆಡ್ಡು, ಅದರ ಸುತ್ತ ಬಟ್ಟಲು ಡಬ್ಬಿಗಳು. ಅವನ ಕನ್ನಡದ ತುಂಬ ತೆಲುಗು. ನಮ್ಮ ಕಡೆ ಎಲ್ಲರ ಕನ್ನಡವೂ ಹಾಗೆಯೇ. ಎಷ್ಟೋ ವರ್ಷದಿಂದ ಬರುತ್ತಿದ್ದ. ಆದರೆ ಅವನ ಪರಿಚಯ ಹೆಂಗಸರಿಗೆ. ಗಂಡಸರು ಹೊಲಕ್ಕೋ ಕೂಲಿಗೋ ಹೋದ ಮೇಲೆ ಅವನು ಬರುವುದು.

ಆವತ್ತು ಅವನು ಹಟ್ಟಿಗೆ ಬರುವ ಮೊದಲು ರಸ್ತೆ ಬದಿಯ ಟೀ ಅಂಗಡಿಯಲ್ಲಿ ಗಾಡಿ ನಿಲ್ಲಿಸಿದನಂತೆ. ಅಲ್ಲಿದ್ದ ಹುಡುಗರು, ಹೆಚ್ಚಿನವರು ಬೇರೆ ಹಳ್ಳಿಗಳವರು, ಚೀಲದಲ್ಲಿ ಏನೈತೆ ಎಂದು ಕೇಳಿ, ಬಿಚ್ಚಿ ನೋಡಿದರಂತೆ. ಕೂದಲಿನ ಉಂಡೆಗಳ ನಡುವೆ ಒಂದು ಚಿಕ್ಕ ಜಡೆ ಇತ್ತು, ಕೆಂಪು ಟೇಪು ಕಟ್ಟಿದ್ದು. ಮಗುವಿನ ಜಡೆ. ಅದರ ಹಿಂದಿನ ಸತ್ಯ ಇಷ್ಟೇ: ಪಕ್ಕದ ಹಳ್ಳಿಯ ಹುಡುಗಿಯೊಬ್ಬಳಿಗೆ ಹೇನು ಜಾಸ್ತಿಯಾಗಿ ತಾಯಿ ಜಡೆಯನ್ನೇ ಕತ್ತರಿಸಿ, ಟೇಪು ಸಮೇತ ಕೊಟ್ಟು ಒಂದು ಡಬ್ಬಿ ತಗೊಂಡಿದ್ದಳು. ಅದು ತಿಳಿದದ್ದು ಸಂಜೆಗೆ.

ನಾನು ರೊಪ್ಪದ ಒಳಗಿದ್ದೆ. ತಾತ ಒಂದು ಕರುವಿನ ಕಿವಿಯಿಂದ ಉಣ್ಣೆಹುಳ ಕೀಳುತ್ತಿದ್ದ. ದೂರದಲ್ಲಿ ಪಾತ್ರೆಗಳು ಉರುಳಿದ ಸದ್ದು ಕೇಳಿತು. ಮೊಪೆಡ್ಡು ಬಿದ್ದದ್ದು ಅಂತ ಆಮೇಲೆ ಗೊತ್ತಾಯಿತು. ನಂತರ ಓಟ, ಬೈಕುಗಳು, ಕೂಗು. ಬೇಲಿಯ ಬಾಯಲ್ಲಿ ಅವನು ಕಾಣಿಸಿಕೊಂಡ. ಹಣೆಯಿಂದ ರಕ್ತ ಇಳಿಯುತ್ತಿತ್ತು, ಎಡಗೈ ವಿಚಿತ್ರವಾಗಿ ಜೋತಿತ್ತು.

ಅಲ್ಲಿ ಅವನು ನಿಂತ. ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿ ಒತ್ತಿ ಬಿಚ್ಚಿದ. ಎರಡನೆಯದು ಬರಲಿಲ್ಲ, ಬೆರಳಿಗೆ ಸಿಕ್ಕಿಕೊಂಡಿತ್ತು. ಬಗ್ಗಿ, ಒಳ್ಳೆಯ ಕೈಯಿಂದ ಅದನ್ನು ಕಿತ್ತು ಹೊರಗೆ ಬಿಟ್ಟ. ಆಮೇಲೆ ಒಳಗೆ ಬಂದ.

ಇದನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ. ಹಲ್ಲುಜ್ಜುವಾಗ, ಬಸ್ಸಿನ ಕಿಟಕಿಯಲ್ಲಿ, ಅವ್ವ ಏನೋ ಹೇಳುತ್ತಿರುವಾಗ. ಕೆಲವು ಸಲ ನನ್ನ ತಲೆಯೊಳಗೆ ಅವನು ಬಗ್ಗುವಷ್ಟರಲ್ಲಿ ಹಿಂದಿನಿಂದ ಬಡಿಗೆ ಬೀಳುತ್ತದೆ. ಆದರೆ ನಡೆದದ್ದು ಹಾಗಲ್ಲ. ಅವನು ಒಳಗೆ ಬಂದು ತಾತನ ಕಾಲ ಹತ್ತಿರ ಕುಸಿದ.

"ನೇನು ದೊಂಗ ಕಾದು, ತಾತಾ," ಎಂದ. ನಾನು ಕಳ್ಳನಲ್ಲ, ಎಂದು.

ತಾತ ಏನೂ ಕೇಳಲಿಲ್ಲ. ಎದ್ದು ಬೇಲಿಯ ಬಾಯಿಗೆ ಹೋಗಿ ನಿಂತ. ಗುಂಪು ಬಂತು.

"ಕೆರ ಬಿಟ್ಟು ಬರ್ರಲೇ. ದೇವ್ರ ಜಾಗ ಐತೆ."

ಅಷ್ಟೇ ಹೇಳಿದ್ದು, ದನಿ ಏರಿಸದೆ. ಅವರು ನಿಂತರು. ಆ ಹೊತ್ತಿಗೆ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರದ ಆ ಗಂಡಸರು ಬಗ್ಗಿದರು. ಶೂ ಹಾಕಿದ್ದವನೊಬ್ಬ ಕುಕ್ಕರುಗಾಲಲ್ಲಿ ಕೂತು ಲೇಸು ಬಿಚ್ಚತೊಡಗಿದ. ಕೊಲ್ಲಲು ಬಂದವನು ಲೇಸು ಬಿಚ್ಚುತ್ತಿದ್ದ. ಇದನ್ನು ಕೇಳಿ ಯಾರಾದರೂ ನಕ್ಕರೆ ನನಗೆ ಸಿಟ್ಟು ಬರುವುದಿಲ್ಲ. ಆದರೆ ನಾನು ಅವನ ಬೆರಳುಗಳನ್ನು ನೋಡಿದ್ದೇನೆ. ಅವು ಅವಸರಪಡುತ್ತಿದ್ದವು.

ಆ ಸಮಯದಲ್ಲಿ ತಾತ ನಾಲಿಗೆಯಿಂದ ಸದ್ದು ಮಾಡಿ ದೊಡ್ಡ ಎತ್ತುಗಳನ್ನು ರೊಪ್ಪದ ಬಾಯಿಯ ಕಡೆ ತಿರುಗಿಸಿದ. ರಕ್ತದ ವಾಸನೆಗೆ ಅವು ಬುಸುಗುಟ್ಟುತ್ತಿದ್ದವು. ಒಳಗೆ ಬಂದವರು ಬರಿಗಾಲಲ್ಲಿ ಸಗಣಿ ತುಳಿಯುತ್ತ, ಎತ್ತುಗಳ ನಡುವೆ ದಾರಿ ಹುಡುಕಿದರು. ದೇವರ ಎತ್ತಿನ ಮುಂದೆ ಬಡಿಗೆ ಎತ್ತುವ ಹಾಗಿಲ್ಲ. ಒಬ್ಬ ಅದನ್ನು ಕಂಕುಳಲ್ಲಿ ಇಟ್ಟುಕೊಂಡ. ನಾನು ಕೂದಲಿನವನಿಗೆ ಅಡ್ಡ ನಿಂತಿದ್ದೆ. ಧೈರ್ಯದಿಂದ ನಿಂತೆನೆಂದು ಹೇಳಲಾರೆ.

"ಅಕ್ಕ, ಪಕ್ಕಕ್ಕೆ ಬಾರಕ್ಕ. ನಿಂಗೇನೂ ಮಾಡಲ್ಲ," ಎಂದ ಕಂಕುಳಲ್ಲಿ ಬಡಿಗೆಯಿದ್ದವನು. ತುಂಬ ಮರ್ಯಾದೆಯಿಂದ ಹೇಳಿದ, ಬಸ್ಸಿನಲ್ಲಿ ಸೀಟು ಕೇಳುವ ಹಾಗೆ.

"ಬರಲ್ಲ," ಎಂದೆ.

ಹೊರಗಿನಿಂದ ಕಲ್ಲು ಬಂದವು. ಒಂದು ನನ್ನ ಭುಜಕ್ಕೆ ತಗುಲಿತು. ಇನ್ನೊಂದು ಒಂದು ಎತ್ತಿನ ಹಣೆಗೆ ಬಡಿದು, ಅದು ಮುಂಗಾಲು ಮಡಿಸಿ ಕುಸಿದು ಎದ್ದಿತು. ಆಗ ಗುಂಪಿನೊಳಗಿಂದಲೇ, ಯಾವನ್ಲೇ ದೇವ್ರೆತ್ತಿಗೆ ಕಲ್ಲು ಹೊಡ್ದೋನು ಎಂಬ ಕೂಗು ಎದ್ದಿತು. ನಾನಲ್ಲ, ಅವನು, ನೀನೇ ಎಂದು ಅವರವರಲ್ಲೇ ತಳ್ಳಾಟ ಶುರುವಾಯಿತು. ಬೇಲಿಯ ಮೇಲಿಂದ ಒಂದು ಫೋನು ನಮ್ಮ ಕಡೆ ತಿರುಗಿತ್ತು. ಅದರ ಹಿಂದೆ ಮಾವನ ಮುಖ. ನಾನು ಅವನನ್ನು ಕರೆದೆ. ಅವನು ಫೋನು ಇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಪೊಲೀಸರು ಬಂದರು. ಯಾರು ಫೋನ್ ಮಾಡಿದರೋ ಇವತ್ತಿಗೂ ತಿಳಿಯದು.

ಪೊಲೀಸರು ಆ ಮನುಷ್ಯನನ್ನು ಮೊಳಕಾಲ್ಮುರಿನ ಆಸ್ಪತ್ರೆಗೆ ಸೇರಿಸಿದರು. ಎಡಗೈ ಮುರಿದಿತ್ತು. ಯಾವ ಹಳ್ಳಿಯಲ್ಲೂ ಯಾವ ಮಗುವೂ ಕಳೆದಿರಲಿಲ್ಲ. ಆದರೆ ಅಷ್ಟರಲ್ಲಿ ಮಾವನ ವಿಡಿಯೊ ಹೊರಟುಹೋಗಿತ್ತು. ಅರೆ ನಿಮಿಷವೂ ಇಲ್ಲ. ರಕ್ತದ ಮುಖದವನೊಬ್ಬ ದನಗಳ ನಡುವೆ ಅಡಗಿ ಕೂತಿದ್ದಾನೆ, ಗುಂಪು ಕೂಗುತ್ತಿದೆ. ಮೇಲೆ ಬರಹ: ದೇವರ ರೊಪ್ಪದಲ್ಲಿ ಅಡಗಿದ್ದ ಮಕ್ಕಳ ಕಳ್ಳ ಸಿಕ್ಕಿಬಿದ್ದ. ಚಳ್ಳಕೆರೆಯ ಮಿಲ್ಲಿನಲ್ಲಿ ಊಟದ ಹೊತ್ತಿಗೆ ಅವ್ವನಿಗೆ ಯಾರೋ ತೋರಿಸಿದರಂತೆ.

"ಕಳ್ಳನ್ನ ನೋಡ್ಲೇ ಇಲ್ಲ ಕಣೆ. ಮೂಲ್ಯಾಗೆ ನಿನ್ನ ವೇಲ್ ಕಂಡೆ," ಎಂದಳು ಅವ್ವ. ಮನೆಗೆ ಬಂದ ನನ್ನ ಭುಜಕ್ಕೆ ಅರಿಶಿನ ಹಚ್ಚಿದಳು.

ಮರುದಿನ ಆಸ್ಪತ್ರೆಗೆ ಹೋದೆ. ಅವನು ನನ್ನನ್ನು ಗುರುತಿಸಿದ. ಮನೆಗೆ ಹೋದ ಮೇಲೆ ಮತ್ತೆ ಈ ಕಡೆ ವ್ಯಾಪಾರಕ್ಕೆ ಬರುವಿರಾ ಎಂದು ಕೇಳಿದೆ. ಮೂರ್ಖ ಪ್ರಶ್ನೆ.

"ನನ್ ಮೊಖ ಎಲ್ಲಾರ ಫೋನಿನಾಗೂ ಐತಮ್ಮ. ಇನ್ನ ಆ ಕಡೆ ಒಂದು ಕೂಸು ಅತ್ರೂ ನಾನೇ ಓಡ್ಬೇಕು," ಎಂದ.

ಅವನಿಗೆ ಗೊತ್ತಿದ್ದದ್ದು ಆ ಹಟ್ಟಿಗಳು, ಆ ದಾರಿ, ಆ ಹೆಂಗಸರು. ಅದು ಹೋದರೆ ಅವನಿಗೆ ಇನ್ನೊಂದಿಲ್ಲ. ಅವನು ಮಕ್ಕಳ ಕಳ್ಳನಲ್ಲ ಎಂದು, ನಾನು ನೋಡಿದೆ ಎಂದು, ಯಾರಾದರೂ ತಮ್ಮ ಬಾಯಿಂದ ಹೇಳಬೇಕಿತ್ತು. ಮರಕ್ಕೆ ನೇತಾಡುತ್ತಿದ್ದ ನನ್ನ ರೆಕಾರ್ಡರು ಏನನ್ನೂ ಕೇಳಿಸಿಕೊಂಡಿರಲಿಲ್ಲ. ಫೋನು ಚೀಲದಲ್ಲಿತ್ತು. ಉಳಿದದ್ದು ನನ್ನ ಕಣ್ಣು ಮಾತ್ರ.

ಹಟ್ಟಿಯ ಹಿರಿಯರು ಮರದ ಕೆಳಗೆ ಸೇರಿ ತೀರ್ಮಾನ ಮಾಡಿದರು. ರೊಪ್ಪದಲ್ಲಿ ರಕ್ತ ಬಿದ್ದಿದೆ, ಗಂಜಲ ಹಾಕಿ ಶುದ್ಧಿ ಮಾಡಬೇಕು. ಹೊಡೆದವರು ಸುತ್ತಲಿನವರೇ, ನಾಳೆ ನೀರಿಗೂ ದಾರಿಗೂ ಅವರ ಮುಖ ನೋಡಬೇಕು. ಆದ್ದರಿಂದ ಯಾರೂ ಏನೂ ನೋಡಿಲ್ಲ. ತಾತ ಮಾತ್ರ ಅವರ ನಡುವೆ ಕೂತು, ನಾನು ನೋಡೀನಲ್ಲ ಎಂದನಂತೆ. ನೀನು ದನ ನೋಡ್ಕ ಎಂದರಂತೆ.

ಮೇಲ್ವಿಚಾರಕಿ ವಿಡಿಯೊ ಕರೆಯಲ್ಲಿ ಬಂದರು. ಒಳ್ಳೆಯ ಹೆಂಗಸು. ನಿದ್ದೆ ಬರುತ್ತಿದೆಯಾ ಎಂದು ಮೊದಲು ಕೇಳಿದರು. ಕೂಡಲೇ ಕ್ಷೇತ್ರಕಾರ್ಯ ನಿಲ್ಲಿಸು, ವಿಶ್ವವಿದ್ಯಾಲಯ ಟಿಕೆಟ್ ಕಳಿಸುತ್ತದೆ, ಇಲ್ಲಿ ಆಪ್ತಸಮಾಲೋಚಕರಿದ್ದಾರೆ, ಗ್ರಂಥಾಲಯದಲ್ಲಿ ಕೂತು ಬೇರೆ ವಿಷಯದ ಮೇಲೆ ಪ್ರಬಂಧ ಬರೆದು ಪದವಿ ಮುಗಿಸಬಹುದು ಎಂದರು. ನಾನು ಈ ಘಟನೆಯನ್ನೇ ಬರೆಯುತ್ತೇನೆ ಎಂದೆ. ಬರೆದದ್ದರ ಮೊದಲ ಪುಟಗಳನ್ನು ಕಳಿಸಿದೆ. ಅವನು ಚಪ್ಪಲಿ ಬಿಚ್ಚಿದ ಎಂದು ಬರೆದ ಸಾಲಿನ ಮೇಲೆ ಅವರಿಗೆ ನಂಬಿಕೆ ಬರಲಿಲ್ಲ. ಜೀವ ಉಳಿಸಿಕೊಳ್ಳಲು ಓಡುವವನು ನಿಂತು ಚಪ್ಪಲಿ ಬಿಚ್ಚುತ್ತಾನೆಯೇ? ಆಘಾತದಲ್ಲಿ ನೆನಪು ಕೆಲವನ್ನು ಸೇರಿಸಿಕೊಳ್ಳುತ್ತದೆ, ಧ್ವನಿಮುದ್ರಣವೂ ಇಲ್ಲ, ಆ ಸಾಲು ತೆಗೆದರೆ ಒಳ್ಳೆಯದಲ್ಲವೇ, ಓದುಗರು ಅಲ್ಲಿಗೇ ಓದುವುದನ್ನು ಬಿಡುತ್ತಾರೆ ಎಂದರು.

ನಾನು ತೆಗೆಯಲಿಲ್ಲ. ಆ ಮನುಷ್ಯ ಹೊರಗಿನವನಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ನನ್ನ ಬಳಿ ಇರಲಿಲ್ಲ. ನಮ್ಮ ದೇವರ ಜಾಗಕ್ಕೆ ಕಾಲಿಡುವ ಮೊದಲು ಏನು ಮಾಡಬೇಕೆಂದು ಅವನ ಕಾಲಿಗೇ ಗೊತ್ತಿತ್ತು. ಅಟ್ಟಿಸಿಕೊಂಡು ಬಂದವರಿಗೂ ಅದೇ ಗೊತ್ತಿತ್ತು. ಓದುಗರು ನಂಬದಿದ್ದರೆ ಅದು ಓದುಗರ ಕಷ್ಟ, ನಾನು ಅವರಿಗಾಗಿ ಕಣ್ಣು ಬದಲಿಸಿಕೊಳ್ಳುವುದಿಲ್ಲ ಎಂದು ಬರೆದು ಕಳಿಸಿದೆ. ಇಂಗ್ಲಿಷಿನಲ್ಲಿ ಅದು ಸ್ವಲ್ಪ ಒರಟಾಗಿಯೇ ಇತ್ತು.

ಮಾವ ಚಳ್ಳಕೆರೆಗೆ ಬಂದ. ಅವ್ವ ಮುದ್ದೆ ಬಡಿಸಿದಳು. ಅವನು ಉಣ್ಣಲಿಲ್ಲ.

"ನಾನು ಒಂದೇಟು ಹೊಡ್ದಿಲ್ಲ. ನೀನೇ ನೋಡಿದೀಯ. ಬರೀ ಶೂಟ್ ಮಾಡ್ದೆ."

"ಅದ್ನೇ ಹೇಳ್ತೀನಿ ಮಾವ. ಹೊಡೀಲಿಲ್ಲ, ಶೂಟ್ ಮಾಡ್ದ, ಕಳ್ಳ ಅಂತ ಬರ್ದು ಕಳಿಸ್ದ ಅಂತ."

"ಹಂಗಂದ್ರೆ ಸ್ಟೇಷನ್ನಿಗೆ ಹೋಗ್ತೀಯಾ?"

"ನೀನೇ ಮೊದ್ಲು ಹೇಳು. ಯಾವ್ಯಾವ ಗ್ರೂಪಿಗೆ ಕಳಿಸಿದ್ಯೋ ಅಲ್ಲಿಗೆಲ್ಲ ನಿನ್ನ ಬಾಯಾಗೇ ಹೇಳು, ತಪ್ಪಾತು ಅಂತ."

"ಮರ್ಯಾದೆ ಹೋಗ್ತೈತೆ ಕಣವ್ವ."

"ಅವನ್ದು ಹೋಗೈತಲ್ಲ."

ಅವನು ಅಕ್ಕನ ಕಡೆ ತಿರುಗಿ, ನೋಡಿದ್ಯಾ ನಿನ್ನ ಮಗಳು ಕಲ್ತು ಬಂದಿದ್ದು ಎಂದ. ಅವ್ವ ಮುದ್ದೆಯ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು. ಅವಳು ನನ್ನ ಪರವಾಗಿಯೂ ಮಾತಾಡಲಿಲ್ಲ. ಅವನು ಹೋದ ಮೇಲೆ ನನ್ನನ್ನು ಚೆನ್ನಾಗಿ ಬೈದಳು. ಇರುವವನು ಒಬ್ಬ ತಮ್ಮ, ನಾಳೆ ನನ್ನ ಹೆಣ ಎತ್ತೋಕೆ ನಿನ್ನ ಕ್ಲಾಸಿನವರು ಬರ್ತಾರಾ ಎಂದಳು. ಆದರೂ ಮರುದಿನ ಬೆಳಿಗ್ಗೆ ನಾನು ಹೊರಟಾಗ ಮಿಲ್ಲಿಗೆ ಹೋಗುವ ಹಳೆ ಸೀರೆ ಬಿಟ್ಟು ಒಳ್ಳೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಮೊಳಕಾಲ್ಮುರಿನ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು.

ಸ್ಟೇಷನ್ನಿನಲ್ಲಿ ಹೇಳಿದೆ. ನೋಡಿದ್ದನ್ನೆಲ್ಲ, ನೋಡಿದ ಹಾಗೆ. ಬಡಿಗೆ ಯಾರ ಕೈಯಲ್ಲಿತ್ತು, ಗುರುತಿದ್ದವರು ಯಾರು, ಗುರುತಿಲ್ಲದವರು ಹೇಗಿದ್ದರು, ಬೇಲಿಯ ಮೇಲಿಂದ ವಿಡಿಯೊ ತೆಗೆದವನು ನನ್ನ ಸೋದರಮಾವ ಎಂಬುದನ್ನೂ. ಅಲ್ಲಿ ಅವ್ವ ಕತ್ತು ಬಗ್ಗಿಸಿದಳು. ಬರೆದುಕೊಳ್ಳುತ್ತಿದ್ದವರು ಚಪ್ಪಲಿಯ ಮಾತಿಗೆ ತಲೆ ಎತ್ತಿ ನೋಡಿದರು, ಮತ್ತೆ ಬಗ್ಗಿ ಬರೆದರು. ಅವರಿಗೆ ಅದು ವಿಚಿತ್ರವೆನಿಸಲಿಲ್ಲ. ಅವರೂ ಈ ಕಡೆಯವರೇ.

ತಾತನೂ ಬಂದು ಹೇಳಿಕೆ ಕೊಟ್ಟ. ಹಟ್ಟಿಯಲ್ಲಿ ಕೆಲವರು ನನ್ನೊಡನೆ ಮಾತು ಬಿಟ್ಟರು. ಹಾದುಹೋಗುವ ಬೈಕೊಂದು ನನ್ನ ಪಕ್ಕದಲ್ಲಿ ವೇಗ ಇಳಿಸಿ, ಪೇಪರಮ್ಮ ಹುಷಾರು ಎಂದು ಹೇಳಿ ಹೋಯಿತು. ಆ ದಿನ ಚಳ್ಳಕೆರೆಯ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತೆ. ಆಗ ನನ್ನ ತರಗತಿಯ ಆ ಗೆಳೆಯನ ನೆನಪಾಗಿ, ಅವನಿಗೆ ಸಂದೇಶ ಕಳಿಸಿದೆ. ಅವನು ಬರೆದ: ಹೋಗುವುದಿಲ್ಲ, ಆ ಭಯ ಹೋಗುವುದಿಲ್ಲ, ಆದರೆ ಅದರ ಜೊತೆಗೇ ಕೆಲಸ ಮಾಡಲು ಬರುತ್ತದೆ.

ಮಾವನನ್ನು ಸ್ಟೇಷನ್ನಿಗೆ ಕರೆಸಿದರು. ಅಲ್ಲಿಂದ ಬಂದ ಮೇಲೆ ಅವನು ಗ್ರೂಪುಗಳಿಗೆ ಧ್ವನಿ ಸಂದೇಶ ಹಾಕಿದ. ಎಲ್ಲರಿಗೂ ನಮಸ್ಕಾರ, ನಾನು ಹಾಕಿದ ವಿಡಿಯೊದಲ್ಲಿರೋನು ಕೂದಲಿನೋನು, ಮಕ್ಕಳ ಕಳ್ಳ ಅಲ್ಲ, ಜಡೆ ಕೊಟ್ಟ ತಾಯಿ ಸಿಕ್ಕಾಳೆ. ಅಳುಕುತ್ತ, ಗಂಟಲು ಸರಿಮಾಡಿಕೊಳ್ಳುತ್ತ ಹೇಳಿದ್ದ. ಮೊದಲ ವಿಡಿಯೊ ಹೋದಷ್ಟು ದೂರ ಅದು ಹೋಗಲಿಲ್ಲ. ಯಾರೋ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು, ಅದರ ಕೆಳಗೆ ಶುಭೋದಯ ಎಂದು ಹೂವಿನ ಚಿತ್ರ ಬಂತು. ನನಗೆ ಸಾಕೆನಿಸಲಿಲ್ಲ. ಈಗಲೂ ಇಲ್ಲ.

ನಾನು ವಾಪಸ್ಸು ಹೋಗಲಿಲ್ಲ. ಒಂದು ಸೆಮಿಸ್ಟರು ಮುಂದೂಡಿಸಿಕೊಂಡು ಅವ್ವನ ಮನೆಯಲ್ಲೇ ಕೂತು ಬರೆದೆ. ದೇವರ ಎತ್ತಿನ ಧ್ವನಿಚಿತ್ರ ಹೋಗಿ ಆ ಒಂದು ಬೆಳಗಿನ ಬರಹವಾಯಿತು. ಅಂತಿಮ ಮೌಖಿಕ ಪರೀಕ್ಷೆ ವಿಡಿಯೊ ಕರೆಯಲ್ಲಿ ನಡೆಯಿತು. ಪಕ್ಕದ ಮಿಲ್ಲಿನ ಸದ್ದಿಗೆ ಕಿಟಕಿ ಮುಚ್ಚಿಕೊಂಡಿದ್ದೆ. ಪರೀಕ್ಷಕರೊಬ್ಬರು, ಪೊಲೀಸರಿಗೆ ಹೇಳಿಕೆ ಕೊಟ್ಟವರು, ಸ್ವಂತ ಮಾವನ ಹೆಸರು ಹೇಳಿದವರು ಪತ್ರಕರ್ತರಾಗಿ ಉಳಿಯುತ್ತಾರೆಯೇ, ನೀವು ವರದಿಗಾರರೋ ಹೋರಾಟಗಾರರೋ ಎಂದು ಕೇಳಿದರು. ನಾನು ಅಲ್ಲಿದ್ದವಳು, ನೋಡಿದವಳು, ಮೊದಲು ಅದು ಮುಗಿಯಲಿ ಎಂದೆ. ಅವರು ಮತ್ತೆ ಕೆದಕಿದರು. ನಾನು ಮತ್ತೆ ಅದನ್ನೇ ಹೇಳಿದೆ. ಅಂಕ ಕಡಿಮೆಯೇ ಬಂತು. ಪದವಿ ಬಂತು.

ಕೂದಲಿನವನ ಕೈಯ ಪಟ್ಟಿ ಅಷ್ಟರಲ್ಲಿ ಬಿಚ್ಚಿದ್ದರು. ಅವನು ಬೇರೆ ದಿಕ್ಕಿನ ಹಳ್ಳಿಗಳಲ್ಲಿ ತಿರುಗಿ ನೋಡಿದ, ವ್ಯಾಪಾರ ಆಗಲಿಲ್ಲ. ನಮ್ಮ ಹಟ್ಟಿಯ ಹೆಂಗಸರೇ ನನಗೆ ಹೇಳಿಕಳಿಸಿದರು, ಅವನನ್ನ ಕರ್ಕಂಡು ಬಾ ಎಂದು. ಮಾತು ಬಿಟ್ಟಿದ್ದ ಮನೆಗಳ ಹೆಂಗಸರೂ ಅದರಲ್ಲಿದ್ದರು. ಅವನು ಒಪ್ಪಲು ಬಹಳ ದಿನ ಹಿಡಿಯಿತು. ಕೊನೆಗೆ, ನೀವು ಮುಂದೆ ನಡೆದರೆ ಬರುತ್ತೇನೆ ಎಂದ.

ನಡೆದೆ. ಟೀ ಅಂಗಡಿಯ ಮುಂದಿನಿಂದಲೇ ನಡೆದೆವು, ಬೇರೆ ದಾರಿ ಇರಲಿಲ್ಲ. ಅವನು ಮೊಪೆಡ್ಡನ್ನು ತಳ್ಳಿಕೊಂಡು ಹಿಂದೆ. ಬೆಂಚಿನ ಮೇಲಿದ್ದವರ ಮಾತು ನಿಂತಿತು. ಕಂಕುಳಲ್ಲಿ ಬಡಿಗೆ ಇಟ್ಟುಕೊಂಡಿದ್ದವನು ಅಲ್ಲಿದ್ದ, ಕೈಯಲ್ಲಿ ಗ್ಲಾಸು. ನಾನು ಅವನ ಕಣ್ಣಲ್ಲೇ ಕಣ್ಣಿಟ್ಟೆ. ಅವನು ಗ್ಲಾಸಿನ ಕಡೆ ನೋಡಿದ.

ಹಟ್ಟಿಯ ನಡುವೆ ಬಂದು ನಿಂತೆವು. ಅಲ್ಲಿಗೆ ಬಂದ ಮೇಲೆ ಅವನು ಕೂಗಬೇಕು, ಆಗ ಹೆಂಗಸರು ಬರಬೇಕು. ಅವನಿಗೆ ಕೂಗಲು ಆಗಲಿಲ್ಲ. ಬಾಯಿ ತೆರೆದ, ಸುತ್ತ ನೋಡಿದ, ಮುಚ್ಚಿದ. ಒಂದು ಮನೆಯೊಳಗೆ ಮಗು ಅಳುತ್ತಿತ್ತು. ಅವನ ಕೈ ಮೊಪೆಡ್ಡಿನ ಹ್ಯಾಂಡಲನ್ನು ಬಿಗಿಯಾಗಿ ಹಿಡಿದದ್ದು ಕಂಡಿತು.

ನಾನೇ ಅವನ ಹಾಗೆ ಕನ್ನಡ, ತೆಲುಗು ಎರಡರಲ್ಲೂ ಕೂಗಿದೆ. "ಕೂದ್ಲೂ... ವೆಂಟ್ರುಕಲೂ... ಪಾತ್ರೆ ಸಾಮಾನೂ..."

ನನ್ನ ದನಿ ಒಡೆಯಿತು. ಯಾರದೋ ಬಾಗಿಲಲ್ಲಿ ನಗು ಕೇಳಿಸಿತು. ಹೊರದೇಶಕ್ಕೆ ಹೋಗಿ ಇದ್ನೇ ಕಲ್ತ್ಯಾ ತಾಯಿ ಎಂದು ಒಬ್ಬಳು ಒಳಗಿಂದಲೇ ಕೇಳಿದಳು. ಹೌದು ಎಂದು ಇನ್ನೂ ಜೋರಾಗಿ ಕೂಗಿದೆ.

ಮೊದಲು ಹೊರಗೆ ಬಂದವಳು ಮಾವನ ಹೆಂಡತಿ. ಮಾವನ ಆಟೊ ಬಾಗಿಲಲ್ಲೇ ನಿಂತಿತ್ತು, ಅವನು ಒಳಗಿದ್ದ, ಹೊರಗೆ ಬರಲಿಲ್ಲ. ಅತ್ತೆ ನನ್ನ ಕಡೆ ನೋಡದೆ ನೇರವಾಗಿ ಮೊಪೆಡ್ಡಿನ ಹತ್ತಿರ ಹೋಗಿ, ಸೆರಗಿನಲ್ಲಿದ್ದ ಕೂದಲಿನ ಉಂಡೆಯನ್ನು ಅವನ ಮುಂದೆ ಹಿಡಿದಳು. ಅವನು ಅದನ್ನು ತಗೊಂಡು, ಬೆರಳಲ್ಲಿ ಬಿಡಿಸಿ, ತೂಕ ಅಂದಾಜು ಮಾಡಿ, ಒಂದು ಚಿಕ್ಕ ಬಟ್ಟಲು ಕೊಟ್ಟ.

"ಇಷ್ಟಕ್ಕೆ ಇದೇನಾ? ಆ ದೊಡ್ಡ ಡಬ್ಬಿ ಕೊಡು."

"ಕೊಡಾಕಾಗಲ್ಲಮ್ಮ."

"ಮುಚ್ಚಳ ಇರೋದಾದ್ರೂ ಕೊಡು."

ಅವನು ಉಂಡೆಯನ್ನು ಇನ್ನೊಮ್ಮೆ ಕೈಯಲ್ಲಿ ಎತ್ತಿ ನೋಡಿದ. "ಇದ್ರಾಗೆ ಅರ್ಧ ಧೂಳೇ ಐತೆ," ಎಂದ. ಅತ್ತೆ ಜಗಳಕ್ಕೆ ನಿಂತಳು. ಹಿಂದೆ ಇನ್ನಿಬ್ಬರು ಹೆಂಗಸರು ಸೆರಗಿನಲ್ಲಿ ಏನೋ ಹಿಡಿದುಕೊಂಡು ಬರುತ್ತಿದ್ದರು. ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.